ಹುಳದ ಮನೆಯ ಹೊಸ್ತಿಲು

ಶನಿವಾರ ಬಂತೆಂದರೆ ಬೈರಮ್ಮನ ಮೂಗಿಗೆ ಇವತ್ತಿಗೂ ಹರಳೆಣ್ಣೆಯ ವಾಸನೆ ಬಡಿಯುತ್ತದೆ. ಅಕ್ಕೂರಿನ ಈ ಮನೆಗೆ ಸೊಸೆಯಾಗಿ ಬಂದು ಮೂವತ್ತೆರಡು ವರ್ಷ ಕಳೆಯಿತು. ಇಲ್ಲಿ ಯಾರೂ ತಲೆಗೆ ಹರಳೆಣ್ಣೆ ಹಚ್ಚುವವರಿಲ್ಲ. ಆ ವಾಸನೆ ಬರುವುದು ರಾಮನಗರದ ಬಾಲಕಿಯರ ಮಂದಿರದ ಹಿತ್ತಿಲ ಮೆಟ್ಟಿಲುಗಳಿಂದ, ಅವಳ ಒಂಬತ್ತನೇ ವಯಸ್ಸಿನಿಂದ.

ಶನಿವಾರ ಮಧ್ಯಾಹ್ನ ಅಲ್ಲಿ ಮೂವತ್ತೆಂಟು ಹುಡುಗಿಯರು ಒಬ್ಬರ ಹಿಂದೆ ಒಬ್ಬರು ಕೂರುತ್ತಿದ್ದರು. ಮೆಟ್ಟಿಲಿಂದ ಶುರುವಾದ ಸಾಲು ಅಂಗಳ ದಾಟಿ ನುಗ್ಗೆಮರದವರೆಗೂ ಹೋಗುತ್ತಿತ್ತು. ಪ್ರತಿಯೊಬ್ಬಳೂ ಮುಂದಿನವಳಿಗೆ ಎಣ್ಣೆ ಹಚ್ಚಿ, ಹೇನು ತೆಗೆದು, ಎರಡು ಜಡೆ ಹಾಕಬೇಕು. ಎಲ್ಲರಿಗಿಂತ ಹಿಂದೆ, ಮೇಲಿನ ಮೆಟ್ಟಿಲಲ್ಲಿ ಕೂತವಳಿಗೆ ಮಾತ್ರ ಬಾಚುವವರು ಯಾರೂ ಉಳಿಯುತ್ತಿರಲಿಲ್ಲ. ಅವಳ ತಲೆ ಗೃಹಮಾತೆ ಸಾಬಿರಮ್ಮನ ಪಾಲು.

ಆ ಜಾಗಕ್ಕಾಗಿ ಎಂಥ ಜಗಳ!

"ಅಮ್ಮ, ಇವತ್ತು ನನ್ನ ಸರದಿ!"

"ಸುಳ್ಳಿ! ಹೋದ ವಾರಾನೂ ನೀನೇ ಕೂತಿದ್ದೆ."

"ಜಗಳ ಆಡೋರ ತಲೇಲೇ ಹೇನು ಜಾಸ್ತಿ ಇರೋದು," ಎನ್ನುತ್ತಿದ್ದರು ಸಾಬಿರಮ್ಮ. ಆಮೇಲೆ ಯಾವ ಸರದಿಯನ್ನೂ ಲೆಕ್ಕಿಸದೆ ಒಬ್ಬಳ ಹೆಸರು ಕೂಗುತ್ತಿದ್ದರು. ಹಾಗೆ ಕೂಗಿಸಿಕೊಂಡವಳು ಆ ವಾರ ಗಣಿತದಲ್ಲಿ ಸೊನ್ನೆ ತಂದವಳಾಗಿರುತ್ತಿದ್ದಳು. ಇಲ್ಲವೇ ಊರಿಂದ ಬರುತ್ತೇನೆಂದ ಚಿಕ್ಕಪ್ಪ ಬಾರದೆ ಗೇಟಿನ ಬಳಿ ಕಾದು ಸೋತವಳು. ಇದು ಬೈರಮ್ಮನಿಗೆ ಹೊಳೆದದ್ದು ದೊಡ್ಡವಳಾದ ಮೇಲೆ. ಆಗ ಅವಳಿಗೆ ಗೊತ್ತಿದ್ದದ್ದು ಇಷ್ಟೇ: ಆ ಬೆರಳುಗಳು ಬೈತಲೆ ತೆಗೆಯುವಾಗ ಒಂಚೂರೂ ನೋಯುತ್ತಿರಲಿಲ್ಲ.

ಹನ್ನೊಂದನೇ ವಯಸ್ಸಿನಲ್ಲಿ ಅವಳನ್ನು ಮಾಗಡಿಯ ಒಂದು ಮನೆಗೆ ಸಾಕಲು ಕೊಟ್ಟರು. ಒಳ್ಳೆಯ ಜನವೇ. ಹೊಸ ಲಂಗ ಹೊಲಿಸಿದರು, ಹಾಲು ಕೊಟ್ಟರು. ಆದರೆ ಆ ದೊಡ್ಡ ಮನೆಯ ನಿಶ್ಶಬ್ದಕ್ಕೆ ಹೆದರಿ ಬೈರಮ್ಮ ದಿಂಬಿನ ಕೆಳಗೆ ರೊಟ್ಟಿ, ಬೆಲ್ಲ ಬಚ್ಚಿಡತೊಡಗಿದಳು. ಇರುವೆ ಬಂದವು. ಮೊದಲ ಸಲ ನಕ್ಕರು, ಎರಡನೇ ಸಲ ಬೈದರು, ನಾಲ್ಕನೇ ತಿಂಗಳಿಗೆ ಬಸ್ಸು ಹತ್ತಿಸಿ ವಾಪಸು ತಂದು ಬಿಟ್ಟರು. ಗೇಟಿನಲ್ಲಿ ಸಾಬಿರಮ್ಮ ನಿಂತಿದ್ದರು. ಯಾಕೆ ಬಂದೆ, ಏನು ಮಾಡಿದೆ ಎಂದು ಒಂದು ಮಾತೂ ಕೇಳಲಿಲ್ಲ. "ಕೈಕಾಲು ತೊಳ್ಕೊಂಡು ಬಾ, ಮುದ್ದೆ ಆರ್ತದೆ," ಎಂದರು, ಬೆಳಗ್ಗೆ ಶಾಲೆಗೆ ಹೋದವಳು ಸಂಜೆ ಬಂದಳೇನೋ ಎಂಬಂತೆ.

ಜನ ಅನಾಥಾಲಯ ಎಂದು ಮರುಕದಿಂದ ರಾಗ ಎಳೆದಾಗೆಲ್ಲ ಬೈರಮ್ಮನಿಗೆ ನಗು ಬರುತ್ತದೆ. ಅವಳ ತವರು ಅದು. ಮದುವೆಗೆ ಮೊದಲು ಗಂಡಿನ ಮನೆ ನೋಡಲು ಅಕ್ಕೂರಿಗೆ ಬಂದವರೂ ಸಾಬಿರಮ್ಮನೇ. ಬಸ್ಸಿಳಿದವರು ಪಡಸಾಲೆಯಲ್ಲಿ ಹಾಸಿದ್ದ ಜಮಖಾನದ ಮೇಲೆ ಕೂರದೆ ನೇರ ಅಡಿಗೆಮನೆಗೆ ಹೋದರು. ಒಲೆ ನೋಡಿದರು, ಬಾವಿಯ ಹಗ್ಗ ಜಗ್ಗಿ ನೋಡಿದರು, ಕೊನೆಗೆ ಬಚ್ಚಲಮನೆಯಿಂದ ಹೊರಬಂದು, "ಬಾಗಿಲಿಗೆ ಒಳಚಿಲಕ ಇಲ್ಲ. ಹಾಕಿಸಿ. ಆಮೇಲೆ ಲಗ್ನದ ಮಾತು," ಎಂದರು. ಬೈರಮ್ಮನ ಗಂಡ ರಾಮಲಿಂಗಯ್ಯ ಇವತ್ತಿಗೂ ಹೇಳುತ್ತಾನೆ: "ನನ್ ಮದ್ವೆ ನಿಂತಿದ್ದೇ ಒಂದು ಚಿಲಕದ ಮ್ಯಾಲೆ ಕಣ್ಲಾ."

ಸಾಬಿರಮ್ಮ ತೀರಿಕೊಂಡು ಒಂಬತ್ತು ವರ್ಷವಾಯಿತು. ಬೈರಮ್ಮ, ರಾಮಲಿಂಗಯ್ಯರಿಗೆ ಮಕ್ಕಳಾಗಲಿಲ್ಲ. ಹಿಪ್ಪುನೇರಳೆ ತೋಟ, ವರ್ಷಕ್ಕೆ ಐದಾರು ರೇಷ್ಮೆ ಬೆಳೆ, ಎರಡು ಹಸು. ಹೀಗೆ ದಿನ ಹೋಗುತ್ತಿರುವಾಗ ಮಂದಿರದ ಹಳೆಯ ಪರಿಚಯ ಹಿಡಿದುಕೊಂಡು ಯಾಸ್ಮಿನ್ ಬಂದಳು. ಅವಳು ಮಕ್ಕಳ ರಕ್ಷಣೆಯ ಇಲಾಖೆಯಲ್ಲಿ ಕೆಲಸ ಮಾಡುವ ಹುಡುಗಿ. ಕಾಫಿ ಕುಡಿದು, ಚೀಲದಿಂದ ಒಂದು ದಪ್ಪ ಫೈಲು ತೆಗೆದಳು.

"ಶ್ವೇತ ಅಂತ, ಹದಿನಾಲ್ಕು ವರ್ಷ. ಮೂರು ಹೋಮ್ ಬದಲಾಯಿಸಿದ್ದೀವಿ. ಎರಡು ಸಲ ಕಾಂಪೌಂಡ್ ಹಾರಿ ಓಡಿಹೋಗಿದ್ದಾಳೆ. ಒಂದು ಸಲ ಸಿಟ್ಟಲ್ಲಿ ಕಿಟಕಿ ಪರದೆಗೆ ಬೆಂಕಿ ಹಚ್ಚಿದ್ಳು. ಕೆಟ್ಟವಳಲ್ಲ ಅಮ್ಮ. ಒಂದು ಮನೇಲಿದ್ರೆ ಸರಿಹೋಗ್ತಾಳೇನೋ. ಎಳೇ ಮಕ್ಕಳಿಗಾದ್ರೆ ಜನ ಸಾಲುಗಟ್ಟಿ ಬರ್ತಾರೆ, ಇಂಥವರನ್ನ ಯಾರೂ ಕೇಳಲ್ಲ. ಮೂರು ತಿಂಗಳು ನೋಡಿ. ಆಮೇಲೆ ಮಕ್ಕಳ ಕಲ್ಯಾಣ ಸಮಿತಿ ಮುಂದೆ ನೀವೂ ಹೇಳಿ, ಅವಳೂ ಹೇಳಲಿ."

ಬೈರಮ್ಮ ಗಂಡನ ಮುಖ ನೋಡಿದಳು.

"ಕರ್ಕೊಂಡ್ ಬರ್ಲಿ ಬುಡು," ಎಂದ ರಾಮಲಿಂಗಯ್ಯ. "ನಂಗೂ ನಿಂಗೂ ಜಗಳ ಆಡಿ ಆಡಿ ಸಾಕಾಗೈತೆ. ಹೊಸಬ್ರು ಒಬ್ರು ಬೇಕು."

ಶ್ವೇತ ಒಂದು ನೀಲಿ ಬ್ಯಾಗು ಹಿಡಿದು ಬಂದಳು. ಮೊದಲ ದಿನ ಊಟ ಮಾಡಿ ತಟ್ಟೆ ತೊಳೆದು, ಅದನ್ನು ಎದೆಗವಚಿಕೊಂಡು ನಿಂತೇ ಇದ್ದಳು, ಎಲ್ಲಿ ಸಾಲಿಡಬೇಕೆಂದು ತಿಳಿಯದೆ. ಬೆಳಗ್ಗೆ ಐದಕ್ಕೆ ಎದ್ದು ಹೊದಿಕೆ ಮಡಿಸಿ ಮಂಚದ ಪಕ್ಕ ನೆಟ್ಟಗೆ ನಿಲ್ಲುತ್ತಿದ್ದಳು. ಬಚ್ಚಲಿಗೆ ಹೋಗಲೂ ಕೇಳುತ್ತಿದ್ದಳು. ಪ್ರತಿಯೊಂದೂ ಬೈರಮ್ಮನಿಗೆ ಗೊತ್ತಿದ್ದದ್ದೇ. ಮಾಗಡಿಯ ಮನೆಯಲ್ಲಿ ತಾನೂ ಹೀಗೇ ನಿಂತವಳು.

ಹಾಗೆಂದು ಸಂಸಾರ ಸಲೀಸಾಗಿರಲಿಲ್ಲ. ಒಂದು ದಿನ ಕನ್ನಡಿ ಒಡೆಯಿತು. ಇನ್ನೊಂದು ದಿನ ಹುಡುಗಿ ಶಾಲೆಗೆ ಹೋಗದೆ ಕಾಣೆಯಾದಳು. ಊರೆಲ್ಲ ಹುಡುಕಿ ರಾಮಲಿಂಗಯ್ಯ ಬೈಕು ಹತ್ತಿಹೋದರೆ, ಕೆಂಗಲ್ ಆಂಜನೇಯನ ಗುಡಿಯ ಜಗಲಿಯ ಮೇಲೆ ಕೂತಿದ್ದಳು. ಅವನೂ ಪಕ್ಕದಲ್ಲಿ ಕೂತ. ಸ್ವಲ್ಪ ಹೊತ್ತಾದ ಮೇಲೆ, "ಕೈ ಮುಗಿದ್ಯೋ ಇಲ್ವೋ?" ಎಂದ.

"ಮುಗ್ದೆ, ಅಂಕಲ್."

"ಪಂಚೆ ಉಟ್ಟೋರ್ನ ಯಾರವ್ವ ಅಂಕಲ್ ಅಂತಾರೆ? ಪ್ಯಾಂಟು ಹಾಕೋರ್ಗೆ ಅದು. ಗಾಡಿ ಹತ್ತು."

ಆ ಸಂಜೆ ಅವಳು ಮೊದಲ ಸಲ ಎರಡನೇ ಮುದ್ದೆ ಕೇಳಿ ಹಾಕಿಸಿಕೊಂಡಳು.

ಮನೆಯಲ್ಲಿ ಅವಳು ಹೋಗದ ಜಾಗವೆಂದರೆ ಹಿತ್ತಿಲಿನ ಹುಳದ ಮನೆ ಒಂದೇ. ಸುತ್ತ ಸೊಳ್ಳೆಪರದೆಯ ಬಲೆ ಹೊಡೆದ ಉದ್ದನೆಯ ಕೋಣೆ, ಒಳಗೆ ಅಂತಸ್ತಿನ ಮೇಲೆ ಅಂತಸ್ತಾಗಿ ತಟ್ಟೆಗಳು, ತಟ್ಟೆಗಳ ತುಂಬ ರೇಷ್ಮೆ ಹುಳು. ಹೊರಗಿನವರು ಒಳಗೆ ಕಾಲಿಟ್ಟರೆ ರೋಗ ತಗಲುತ್ತದೆ, ದೃಷ್ಟಿಯಾಗುತ್ತದೆ ಎಂಬುದು ಆ ಕಡೆಯ ರೈತರ ಕಟ್ಟುನಿಟ್ಟು. ಶ್ವೇತ ಬಲೆಗೆ ಮೂಗು ಒತ್ತಿ ನಿಂತಾಗೆಲ್ಲ ಬೈರಮ್ಮ ಒಳಗಿನಿಂದಲೇ, "ಅತ್ಲಾಗಿ ಇರವ್ವ, ಇದು ನಿಂಗಲ್ಲ," ಎನ್ನುತ್ತಿದ್ದಳು. ಪ್ರೀತಿಯಿಂದಲೇ ಎನ್ನುತ್ತಿದ್ದಳು.

ಸಮಿತಿ ಗುರುವಾರ ಕೂರುವುದಿತ್ತು. ಸೋಮವಾರ ಆ ಅನಾಹುತವಾಯಿತು.

ಹುಳು ನಾಲ್ಕನೇ ಜ್ವರದಿಂದ ಎದ್ದು ನಾಲ್ಕು ದಿನವಾಗಿತ್ತು. ಜ್ವರವೆಂದರೆ ಹುಳು ಮೇವು ಬಿಟ್ಟು, ಅಲುಗದೆ ಕೂತು ಪೊರೆ ಕಳಚುವ ಹೊತ್ತು. ಕೊನೆಯ ಜ್ವರದಿಂದ ಎದ್ದ ಹುಳಕ್ಕೆ ಎಷ್ಟು ಸೊಪ್ಪು ಹಾಕಿದರೂ ಸಾಲದು. ಇನ್ನು ಮೂರು ದಿನಕ್ಕೆ ಹಣ್ಣಾಗಿ ಗೂಡು ಕಟ್ಟಬೇಕು. ಮಧ್ಯಾಹ್ನ ಸೊಪ್ಪು ಕೊಯ್ಯುವ ಆಳು ಕೈಕೊಟ್ಟದ್ದರಿಂದ ಗಂಡ ಹೆಂಡಿರಿಬ್ಬರೂ ತೋಟಕ್ಕೆ ಹೋದರು. ಹೋಗುವಾಗ ಬೈರಮ್ಮ, "ದರಿದ್ರದ ಊಜಿ ನೊಣ! ಎಷ್ಟು ಬಲೆ ಕಟ್ಟಿದ್ರೂ ನುಗ್ತದೆ. ಹುಳದ ಮ್ಯಾಲೆ ಮೊಟ್ಟೆ ಇಟ್ಟು ಸಾಯಿಸ್ಬುಡ್ತದೆ," ಎಂದು ಗೊಣಗಿದ್ದು ನಿಜ.

ಹೊರೆ ಹೊತ್ತು ಬರುವಾಗ ಆರೂವರೆ. ಅಂಗಳಕ್ಕೆ ಕಾಲಿಟ್ಟ ರಾಮಲಿಂಗಯ್ಯ ಗಕ್ಕನೆ ನಿಂತ. ಗಾಳಿಯಲ್ಲಿ ಹೊಗೆಯ ವಾಸನೆ. ಬೀಡಿ ಚಟದ ಅವನು ಮೂವತ್ತು ವರ್ಷದಲ್ಲಿ ಒಂದು ದಿನವೂ ರಸ್ತೆ ದಾಟದೆ ಬೀಡಿ ಹಚ್ಚಿದವನಲ್ಲ, ಹುಳಕ್ಕಾಗಿ. ಹೊರೆ ಅಲ್ಲೇ ಬಿಸಾಕಿ ಓಡಿದ.

ಹುಳದ ಮನೆಯ ನಾಲ್ಕು ಮೂಲೆಯಲ್ಲೂ ಸೊಳ್ಳೆ ಬತ್ತಿ ಸುರುಳಿಯಾಗಿ ಉರಿಯುತ್ತಿತ್ತು. ತಟ್ಟೆಗಳಲ್ಲಿ ಹುಳುಗಳು ತಲೆಯೆತ್ತಿ ಅತ್ತಿತ್ತ ಆಡಿಸುತ್ತ ಬಾಯಿಂದ ಹಸಿರು ನೀರು ಕಾರುತ್ತಿದ್ದವು. ಬಾಗಿಲ ಬಳಿ ಶ್ವೇತ ಬೆಂಕಿಪೊಟ್ಟಣ ಹಿಡಿದು ನಿಂತಿದ್ದಳು.

"ಕೊಂದ್ಬುಟ್ಯಲ್ಲೇ!" ಎಂದು ಕೂಗಿದ ರಾಮಲಿಂಗಯ್ಯ. "ಬೇಕೂಂತ ಮಾಡವ್ಳೆ! ಅವತ್ತು ಪರದೆಗೆ ಹಚ್ಚಿದ್ಳು, ಇವತ್ತು ಇಲ್ಲಿ!"

ಹುಡುಗಿ ಒಳಗೆ ಹೋಗಿ ನೀಲಿ ಬ್ಯಾಗಿಗೆ ಬಟ್ಟೆ ತುಂಬಿಕೊಂಡು ಬಂದು ಹೊರಜಗಲಿಯ ಮೇಲೆ ಕೂತಳು. ಊಟಕ್ಕೆ ಕರೆದರೆ ತಲೆಯಾಡಿಸಿದಳು. ಬಾಗಿಲು, ಕಿಟಕಿ ತೆರೆದು, ತಟ್ಟೆಗಳನ್ನು ಗಾಳಿಗೆ ಹಿಡಿದು, ಏನೇನು ಮಾಡಿದರೂ ಹುಳು ಉಳಿಯಲಿಲ್ಲ.

ಬೆಳಗ್ಗೆ ರಾಮಲಿಂಗಯ್ಯ ಹೆಂಡತಿಯ ಮುಖ ನೋಡದೆ ಹೇಳಿದ: "ಗುರುವಾರ ಬುಟ್ಟು ಬಂದ್ಬುಡಾನ. ನನ್ನಿಂದ ಆಗಕಿಲ್ಲ."

ಬೈರಮ್ಮನಿಗೂ ರಾತ್ರಿಯಿಡೀ ಅದೇ ಯೋಚನೆ. ಮಂದಿರವೇನು ನರಕವೇ? ತನ್ನನ್ನು ಮಾಗಡಿಯವರು ವಾಪಸು ಬಿಟ್ಟಾಗ ತಾನು ಬದುಕಿದ್ದು ಅಲ್ಲಿಯೇ. ಮೂವತ್ತೇಳು ಜನ ಅಕ್ಕತಂಗಿಯರು, ಸಾಬಿರಮ್ಮನ ಬೆರಳು. ಈ ಹುಡುಗಿಗೂ ಅದೇ ಹಿತವೇನೋ. ತಾನು ಅವಳನ್ನು ಇಟ್ಟುಕೊಳ್ಳಬೇಕೆನ್ನುವುದು ಅವಳಿಗಾಗಿಯೋ, ತನ್ನ ಖಾಲಿ ಮನೆಗಾಗಿಯೋ? ಹಾಗಂತ ವಾಪಸು ಬಿಟ್ಟು ಬರುವಾಗ ಗೇಟಿನ ಬಳಿ ಆ ಹುಡುಗಿಯ ಬೆನ್ನು ಹೇಗೆ ಕಾಣಿಸುತ್ತದೆಂಬುದೂ ಅವಳಿಗೆ ಗೊತ್ತಿತ್ತು. ಆ ಬೆನ್ನು ಒಮ್ಮೆ ಅವಳದೇ ಆಗಿತ್ತು.

ಸತ್ತ ಹುಳುಗಳನ್ನು ಗುಂಡಿಗೆ ಹಾಕಿ ಸುಣ್ಣ ಚೆಲ್ಲಬೇಕಿತ್ತು. ಬೈರಮ್ಮ ಪೊರಕೆ ಹಿಡಿದು ಒಳಗೆ ಹೋದಳು. ಮೂಲೆಯಲ್ಲಿ ಕೂತು ಬತ್ತಿಯ ಬೂದಿ ಗುಡಿಸಲು ಹೊರಟವಳು ಹಾಗೇ ಕೂತುಬಿಟ್ಟಳು.

ಬತ್ತಿ ಇಟ್ಟದ್ದು ಮನೆಯ ಊಟದ ತಟ್ಟೆಯಲ್ಲಿ. ತಟ್ಟೆಗೆ ಬೆರಳು ದಪ್ಪ ಮರಳು ಹರಡಿತ್ತು, ಕಿಡಿ ಬಿದ್ದರೂ ಹೊತ್ತಿಕೊಳ್ಳದಂತೆ. ಮರಳಿನ ಸುತ್ತ ಇಷ್ಟು ನೀರು. ಹತ್ತಿರವಿದ್ದ ಒಣ ಸೊಪ್ಪಿನ ಕಡ್ಡಿಗಳನ್ನೆಲ್ಲ ಎತ್ತಿ ದೂರ ಒಟ್ಟಲಾಗಿತ್ತು. ಬಲೆಯಲ್ಲಿ ಹರಿದಿದ್ದ ಒಂದು ಜಾಗಕ್ಕೆ ಕೂದಲಿನ ಪಿನ್ನು ಸಿಕ್ಕಿಸಿತ್ತು. ನಾಲ್ಕು ಮೂಲೆಯಲ್ಲೂ ಇದೇ ಮರಳು, ಇದೇ ನೀರು. ಸುಡಲು ಬಂದವರು ಮರಳು ಹುಡುಕುತ್ತಾರೆಯೇ?

ಬೈರಮ್ಮ ಒಂದು ಮರಳಿನ ತಟ್ಟೆ ಎತ್ತಿಕೊಂಡು ಜಗಲಿಗೆ ಹೋದಳು. ಶ್ವೇತ ಬ್ಯಾಗು ತೊಡೆಯ ಮೇಲಿಟ್ಟುಕೊಂಡೇ ಕೂತಿದ್ದಳು.

"ಮರಳು ಎಲ್ಲಿಂದ ತಂದೆ?"

"ರೋಡ್ ಪಕ್ಕ... ಮನೆ ಕಟ್ತಿದ್ದಾರಲ್ಲ, ಅಲ್ಲಿಂದ."

"ಬತ್ತಿ?"

"ಸ್ಕೂಲ್ ಹತ್ರ ಅಂಗಡೀಲಿ." ಹುಡುಗಿ ಬ್ಯಾಗಿನ ಜಿಪ್ಪು ಎಳೆಯುತ್ತ, ಬಿಡುತ್ತ ಹೇಳಿದಳು, "ಹೋಮಲ್ಲಿ ಆರು ಗಂಟೆಗೆ ಬತ್ತಿ ಹಚ್ಚೋ ಡ್ಯೂಟಿ ನಂದೇ. ಮರಳು, ನೀರು, ಎಲ್ಲಾ ಹಾಗೇ ಇಡ್ಬೇಕು. ಚಿಕ್ಕ ಮಕ್ಕಳು ಮಲಗಿರ್ತಾರಲ್ಲ... ನೀವು ನೊಣ ಬರುತ್ತೆ, ಹುಳ ಸಾಯುತ್ತೆ ಅಂದ್ರಿ. ನೀವಿಬ್ರೂ ಬರೋಷ್ಟರಲ್ಲಿ ಎಲ್ಲಾ ನೊಣ ಓಡ್ಸಿರೋಣ ಅಂತ."

"ಹೊಗೆ ಹುಳಕ್ಕೆ ವಿಷ ಅಂತ ಗೊತ್ತಿರ್ಲಿಲ್ವಾ?"

ಶ್ವೇತ ಮೊದಲ ಸಲ ತಲೆಯೆತ್ತಿದಳು. ಕಣ್ಣು ಕೆಂಪಾಗಿತ್ತು.

"ಯಾರು ಹೇಳಿದ್ರು ನಂಗೆ?"

ಅಕ್ಕೂರಿನಲ್ಲಿ ಅಂಬೆಗಾಲಿಡುವ ಕೂಸಿಗೂ ಗೊತ್ತು, ಹುಳದ ಹತ್ತಿರ ವಾಸನೆಯ ಪದಾರ್ಥ ಸುಳಿಯಬಾರದೆಂದು. ಎಲ್ಲರಿಗೂ ಗೊತ್ತಿರುವುದರಿಂದಲೇ ಯಾರೂ ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಬೈರಮ್ಮನಿಗಾದರೂ ಹೇಗೆ ಗೊತ್ತಾಗಿತ್ತು? ಮದುವೆಯಾಗಿ ಮೂರನೇ ದಿನ ಅತ್ತೆ ಹುಳದ ಮನೆಯ ಬಾಗಿಲಲ್ಲಿ ನಿಂತು, "ತಲೇಲಿರೋ ಮಲ್ಲಿಗೆ ತೆಗ್ದಿಡು, ಮಕದ ಪೌಡ್ರು ತೊಳ್ಕೊ, ಒಳೀಕೆ ಬಾ," ಎಂದು ಕೈಹಿಡಿದು ಕರೆದುಕೊಂಡಿದ್ದಳು. ಎಲ್ಲಿಂದಲೋ ಬಂದ ಮಂದಿರದ ಹುಡುಗಿಯನ್ನು! ಮಂದಿರದಲ್ಲೂ ಅಷ್ಟೇ. ಕಾಲಿಟ್ಟ ದಿನವೇ ಸಾಬಿರಮ್ಮ ಅವಳ ಕೈಗೆ ಬಾಚಣಿಗೆ ಕೊಟ್ಟು ಸಾಲಿನಲ್ಲಿ ಕೂರಿಸಿದ್ದರು. ಅಳುತ್ತಲೇ ಯಾವಳದೋ ಜಡೆ ಹೆಣೆದಿದ್ದಳು.

ಮಾಗಡಿಯ ಮನೆಯವರು ಮಾತ್ರ ಲಂಗ ಕೊಟ್ಟರು, ಹಾಲು ಕೊಟ್ಟರು, ಒಂದು ಕೆಲಸ ಹೇಳಲಿಲ್ಲ. ನಾಲ್ಕು ತಿಂಗಳು ಅವಳು ಅಲ್ಲಿ ನೆಂಟಳಾಗಿಯೇ ಉಳಿದಳು. ಈಗ ತಾನು ಮಾಡಿದ್ದೂ ಅದನ್ನೇ. ಮಂಚ ಕೊಟ್ಟೆ, ಮುದ್ದೆ ಕೊಟ್ಟೆ, ಮೂರು ತಿಂಗಳು ಬಲೆಯ ಆಚೆಗೇ ನಿಲ್ಲಿಸಿದೆ.

"ವಾಪಸ್ ಹೋಗ್ಬೇಕಾ ನಿಂಗೆ?" ಎಂದು ಕೇಳಿದಳು ಬೈರಮ್ಮ, ಪಕ್ಕದಲ್ಲಿ ಕೂತು.

"ಅಲ್ಲಿ ಏನಾದ್ರೂ ತಪ್ಪಾದ್ರೆ ನಲವತ್ತು ಜನ ಇರ್ತೀವಿ, ಆಂಟಿ. ಎಲ್ರಿಗೂ ಬೈತಾರೆ. ಆಮೇಲೆ ಎಲ್ರೂ ಸೇರಿ ನಗ್ತೀವಿ. ಇಲ್ಲಿ ನಾನೊಬ್ಳೇ." ಅವಳ ದನಿ ಸಣ್ಣಗಾಯಿತು. "ಇಲ್ಲಿ ಎಲ್ಲಾ ನೇರ ನನ್ನ ಮೇಲೇ ಬೀಳುತ್ತೆ."

ಬೈರಮ್ಮ ಇಲ್ಲವೆನ್ನಲಿಲ್ಲ. ಅದು ಸುಳ್ಳಲ್ಲವೆಂದು ಅವಳಿಗಿಂತ ಚೆನ್ನಾಗಿ ಯಾರು ಬಲ್ಲರು? "ಬಾ," ಎಂದಳು, "ಸುಣ್ಣದ ಬುಟ್ಟಿ ಹಿಡ್ಕೋ. ನಂಗೊಬ್ಳಿಗೇ ಆಗಕಿಲ್ಲ."

ಹುಡುಗಿ ಅನುಮಾನಿಸಿದಳು. ಆಮೇಲೆ ಬ್ಯಾಗನ್ನು ಜಗಲಿಯ ಮೇಲೆ ಬಿಟ್ಟು ಎದ್ದಳು. ಹುಳದ ಮನೆಯ ಬಾಗಿಲಲ್ಲಿ ಅಭ್ಯಾಸಬಲದಿಂದ ನಿಂತಳು. ಬೈರಮ್ಮ ಒಳಗಿನಿಂದ, "ಕಾಲು ತೊಳ್ಕೊಂಡು ಬಾ. ಚಪ್ಪಲಿ ಅಲ್ಲೇ ಬುಡು," ಎಂದಳು. ಅಂದು ಮಧ್ಯಾಹ್ನದವರೆಗೂ ಇಬ್ಬರೂ ಮಾತಿಲ್ಲದೆ ತಟ್ಟೆ ಖಾಲಿ ಮಾಡಿದರು. ಗುಂಡಿಗೆ ಸುರಿಯುವಾಗ ಮಾತ್ರ ಶ್ವೇತ ಬಿಕ್ಕಿ ಬಿಕ್ಕಿ ಅತ್ತಳು. ಬೈರಮ್ಮ ಅಳಲು ಬಿಟ್ಟಳು. ತೋಟದ ಬದುವಿನಲ್ಲಿ ನಿಂತು ರಾಮಲಿಂಗಯ್ಯ ಇದನ್ನು ನೋಡುತ್ತಿದ್ದ. ಮರಳಿನ ತಟ್ಟೆಯನ್ನು ಬೈರಮ್ಮ ಅವನ ಮುಂದೆ ಹಿಡಿದಾಗ ಬಹಳ ಹೊತ್ತು ಅದನ್ನೇ ತಿರುಗಿಸಿ ನೋಡಿದ. "ನಾನು ಕೂಗಬಾರ್ದಾಗಿತ್ತು," ಎಂದಷ್ಟೇ ಹೇಳಿ ರಸ್ತೆಯಾಚೆ ಹೋಗಿ ಬೀಡಿ ಹಚ್ಚಿದ.

ಗುರುವಾರ ಮೂವರೂ ರಾಮನಗರಕ್ಕೆ ಹೋದರು. ಶ್ವೇತ ಬ್ಯಾಗು ತಂದಿದ್ದಳು. ಯಾರೂ ಬೇಡವೆನ್ನಲಿಲ್ಲ. ಸಮಿತಿಯ ಕೋಣೆಯಲ್ಲಿ ಅಧ್ಯಕ್ಷೆ ಮೇಡಂ ಕನ್ನಡಕ ಮೂಗಿನ ತುದಿಗಿಳಿಸಿ ಫೈಲು ಓದುತ್ತಿದ್ದರು. ಪಕ್ಕದಲ್ಲಿ ಯಾಸ್ಮಿನ್ ಮುಖ ಬಾಡಿಸಿಕೊಂಡು ನಿಂತಿದ್ದಳು. ಸುದ್ದಿ ಮುಟ್ಟಿತ್ತು.

"ನಿಮ್ಮ ಬೆಳೆ ಪೂರ್ತಿ ಹಾಳು ಮಾಡಿದ್ಳಂತೆ?"

"ತಪ್ಪು ನಮ್ದು, ಮೇಡಂ," ಎಂದಳು ಬೈರಮ್ಮ. "ಮನೆ ಮಗು ಅಂತ ಕರ್ಕೊಂಡು ಹೋದೋ, ಹೊರಗಿನೋರ ತರ ಇಟ್ಕೊಂಡೋ. ಮನೆ ಕೆಲ್ಸ ಹೇಳ್ಕೊಡ್ಲಿಲ್ಲ. ನೊಣ ಓಡ್ಸಕೆ ಅಂತ ಅವ್ಳಿಗೆ ಗೊತ್ತಿದ್ದ ಕೆಲ್ಸ ಅವ್ಳು ಮಾಡಿದ್ಳು."

ಅಧ್ಯಕ್ಷೆ ರಾಮಲಿಂಗಯ್ಯನ ಕಡೆ ತಿರುಗಿದರು. ಅವನು ಟವೆಲ್ಲನ್ನು ಒಂದು ಹೆಗಲಿಂದ ಇನ್ನೊಂದಕ್ಕೆ ಹಾಕಿಕೊಂಡ.

"ಹುಳದ ಮನೆ ತೊಳೀಬೇಕು ಮೇಡಂ. ಬ್ಲೀಚಿಂಗು, ಸುಣ್ಣ, ಹತ್ತು ದಿನದ ಕೆಲ್ಸ ಐತೆ. ನಮ್ಮಿಬ್ರಿಗೂ ಸೊಂಟ ಬಗ್ಗಕಿಲ್ಲ." ಆಮೇಲೆ ಯಾರನ್ನೂ ನೋಡದೆ, "ಅವ್ಳು ಇದ್ರೆ ಒಸಿ ಸಲೀಸು," ಎಂದ.

"ಶ್ವೇತ, ನೀನು ಹೇಳಮ್ಮ. ಹೋಮಲ್ಲಿ ನಿನ್ನ ಜಾಗ ಇನ್ನೂ ಇದೆ. ಯಾರೂ ಬಲವಂತ ಮಾಡಲ್ಲ. ಎಲ್ಲಿರ್ತೀಯ?"

ಗೋಡೆಯ ಫ್ಯಾನು ಕಟಕಟ ಎನ್ನುತ್ತಿತ್ತು. ಬೈರಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು, ಬಿಚ್ಚುತ್ತಿದ್ದಳು.

"ಇವರ ಮನೇಲಿರ್ತೀನಿ," ಎಂದಳು ಶ್ವೇತ ಕೊನೆಗೆ. "ಆದ್ರೆ ಒಂದು..."

"ಹೇಳು."

"ಹೋಮಲ್ಲಿ ಸಾನಾ ಅಂತ ಇದ್ದಾಳೆ. ಆರು ವರ್ಷ. ನಾನು ತಿನ್ನಿಸಿದ್ರೆ ಮಾತ್ರ ತಿಂತಿದ್ಳು. ಹೇಳದೇ ಬಂದ್ಬಿಟ್ಟೆ. ಮೂರು ತಿಂಗಳಾಯ್ತು. ನಾನು ಸತ್ತೋದೆ ಅನ್ಕೊಂಡಿರ್ತಾಳೆ."

ಬೈರಮ್ಮನ ಬೆರಳು ನಿಂತಿತು. ಮೂರು ತಿಂಗಳಲ್ಲಿ ಏನು ತಿಂತೀಯ, ಏನು ಉಡ್ತೀಯ ಎಂದು ದಿನಕ್ಕೆ ಹತ್ತು ಸಲ ಕೇಳಿದ್ದಳು. ಅಲ್ಲಿ ಯಾರನ್ನು ಬಿಟ್ಟು ಬಂದೆ ಎಂದು ಒಂದು ಸಲವೂ ಕೇಳಿರಲಿಲ್ಲ. ಬೇರೆ ಯಾರಿಗೂ ಹೊಳೆಯದಿದ್ದರೂ ತನಗೆ ಹೊಳೆಯಬೇಕಾಗಿತ್ತು.

"ತಿಂಗಳಿಗೊಂದು ಸಲ ಹೋಗಿ ನೋಡ್ಬಹುದಾ, ಮೇಡಂ?" ಎಂದಳು ಶ್ವೇತ.

ಅಧ್ಯಕ್ಷೆ ಯಾಸ್ಮಿನ್ ಮುಖ ನೋಡಿದರು. ಯಾಸ್ಮಿನ್ ಆಗಲೇ ತಲೆಯಾಡಿಸುತ್ತಿದ್ದಳು. ಅಧ್ಯಕ್ಷೆ ಫೈಲಿನಲ್ಲಿ ಎರಡು ಸಾಲು ಬರೆದು, ಇನ್ನೂ ಆರು ತಿಂಗಳು ಅಕ್ಕೂರಿನಲ್ಲೇ ಇರಲೆಂದು ಸಹಿ ಹಾಕಿದರು.

ಹೊರಗೆ ಬಂದಾಗ ಬಿಸಿಲು ಚುರುಗುಟ್ಟುತ್ತಿತ್ತು. ರಾಮಲಿಂಗಯ್ಯ ಹುಡುಗಿಯ ಕೈಯಿಂದ ನೀಲಿ ಬ್ಯಾಗು ಇಸಿದುಕೊಂಡು ಹೆಗಲಿಗೇರಿಸಿದ.

"ಏನ್ ತುಂಬ್ಕೊಂಡಿದ್ದೀಯವ್ವ, ಕಲ್ಲಾ?" ಎಂದು ಬೈದುಕೊಂಡ. ನಾಲ್ಕು ಹೆಜ್ಜೆ ನಡೆದವನು ತಿರುಗಿ ನಿಂತು, "ಆ ಮಗಿನ ಹೋಮು ಎಲ್ಲೈತೆ? ಇಲ್ಲೇ ಹತ್ರಾನಾ?" ಎಂದು ಕೇಳಿದ.

"ಐದು ನಿಮಿಷ," ಎಂದಳು ಶ್ವೇತ.

"ಹಂಗಾರೆ ಮುಂದಿನ ತಿಂಗ್ಳು ಯಾಕೆ? ಇವತ್ತೇ ಹೋಗಾನ. ಬರಿಗೈಲಿ ಹೋಗಬಾರ್ದು. ಅವ್ಳಿಗೆ ಏನಿಷ್ಟ?"

"ಕಡ್ಲೆ ಮಿಠಾಯಿ."

"ಅಲ್ಲಿ ಒಬ್ಳಿಗೇ ಕೊಟ್ರೆ ಕೊಲೆ ಆಯ್ತವೆ," ಎಂದಳು ಬೈರಮ್ಮ. ಅನುಭವದ ಮಾತು ಅದು. "ನಲವತ್ತು ತಗೊಳ್ರಿ."

ಮೂವರೂ ಅಂಗಡಿಯ ಕಡೆ ನಡೆದರು. ಶ್ವೇತ ಎಲ್ಲರಿಗಿಂತ ಮುಂದೆ, ದಾರಿ ತೋರಿಸುತ್ತ.